ಇಲಿಗೆ ಕೊಟ್ಟ ಔಷಧ

ಆಪರೇಷನ್ ಕೋಣೆಯ ಬಾಗಿಲು ಎಷ್ಟೇ ಗಟ್ಟಿಯಾಗಿ ಮುಚ್ಚಿದರೂ ನಗು ಯಾವುದೋ ಸಂದಿಯಿಂದ ಒಳಗೆ ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಕರೆದಲ್ಲಿ ಹೋಗಿ ಅರಿವಳಿಕೆ ಕೊಡುವ ನನಗೆ ಇದು ರೂಢಿ. ಬಾಗೇವಾಡಿಯ ಆ ಮಧ್ಯಾಹ್ನ ಮಾತ್ರ ಅದು ಮೂರು ಸಲ ಬಂತು.

೧. ಹುರಿ

ಹೂವಿನ ಹಿಪ್ಪರಗಿಯ ಸೊಸೆ. ಇಪ್ಪತ್ತೆರಡು ವರ್ಷ. ಒಂದು ಅಂಡಾಶಯವನ್ನು ಗಡ್ಡೆಯೆಂದು ಹಿಂದೆಯೇ ತೆಗೆದಿದ್ದರು. ಉಳಿದ ಒಂದೇ ಒಂದು ಈಗ ಬುಡದಲ್ಲಿ ತಿರುಚಿಕೊಂಡು, ಅದಕ್ಕೆ ರಕ್ತವೇ ನಿಂತಿತ್ತು.

ಹುಡುಗಿಯ ಗಂಡನಿಗೆ ಲೇಡಿ ಡಾಕ್ಟರ್ ಹೇಳಿದರು: "ಹಗ್ಗ ಹುರಿ ಬಿದ್ದಂಗ ಬಿದ್ದೈತಿ. ಬಿಚ್ಚಿ ನೋಡ್ತೇವಿ. ಜೀವ ಬಂದ್ರ ಉಳೀತು, ಇಲ್ಲಂದ್ರ ತಗೀಬೇಕು."

ಸಹಿ ಹಾಕಿದ ಅವನು ಕೇಳಿದ: "ನಮ್ಮಪ್ಪ ಹಗ್ಗ ಹೊಸಿಯೂದ್ರಾಗ ಭಾರಿ ಹುಷಾರ್ ಅದಾನ್ರಿ. ಒಳಗ ಕರೀಲೇನ್ರಿ?"

೨. ಆಂಟಿ

ನಿಂತ ರಕ್ತದಿಂದ ಆಗುವ ಹಾನಿ ಒಂದು. ಬಿಚ್ಚಿದ ಮೇಲೆ ರಕ್ತ ಮತ್ತೆ ನುಗ್ಗಿದಾಗ ಆಗುವುದು ಇನ್ನೊಂದು. ಕೈ ತೊಳೆಯುತ್ತ ಡಾಕ್ಟರ್ ನನ್ನನ್ನು ಕೇಳಿದರು: "ಇದಕ್ಕ ಆಂಟಿಆಕ್ಸಿಡೆಂಟ್ ಏನರ ಉಪಯೋಗ ಐತೇನ್ರಿ ಸರ್?"

ಅಷ್ಟರಲ್ಲಿ ಹುಡುಗಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಯಾವ ಆಂಟಿಗೆ ಆಕ್ಸಿಡೆಂಟ್ ಆಗೇತ್ರಿ? ಯಾರರ ಇರ್ಲಿ, ಆಕಿ ಕಾಯ್ಲಿ. ಪಾಳಿ ನಮ್ದೈತಿ!"

೩. ಇಲಿ

"ಅದು ಔಷಧದ ಹೆಸರ್ರಿ ಅವ್ವಾರ," ಎಂದೆ.

"ಹಂಗಾರ ಲಗೂನ ಕೊಡ್ರಿ."

"ಇಲಿಗೆ ಕೊಟ್ಟು ನೋಡ್ಯಾರ. ಮನಷ್ಯಾರಿಗೆ ಇನ್ನೂ ಖಾತ್ರಿ ಇಲ್ಲ."

ಅವರ ಮುಖ ಬಿಳಿಚಿತು. "ಇಲಿ ಔಷಧಾನ? ಅದನ್ನ ತಿಂದ ಇಲಿ ನಮ್ಮ ಮನ್ಯಾಗ ಒಂದೂ ಎದ್ದಿಲ್ರಿ ಸಾಹೇಬ್ರ!"

ವಿವರಿಸಲು ಹೊತ್ತಿರಲಿಲ್ಲ. ನಮ್ಮಲ್ಲಿದ್ದ ಖಾತ್ರಿಯ ಔಷಧ ಒಂದೇ: ಅವಸರ.

ಒಳಗೆ ಅಂಡಾಶಯ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಡಾಕ್ಟರ್ ಎರಡು ಸುತ್ತು ಬಿಚ್ಚಿ, ಬೆಚ್ಚನೆಯ ಒದ್ದೆ ಬಟ್ಟೆ ಹೊದಿಸಿದರು. ನಾನು ಗಡಿಯಾರ ನೋಡಿದೆ. ಐದು ನಿಮಿಷ. ಹತ್ತು. ಬಟ್ಟೆ ಸರಿಸಿದರೆ ಅದೇ ಕಪ್ಪು. ಮತ್ತೆ ಹೊದಿಸಿದರು. ಮುಂದಿನ ಸಲ ಸರಿಸಿದಾಗ ಒಂದು ಅಂಚು ತುಸು ಕೆಂಪಾಗಿತ್ತು. ನೋಡುತ್ತಿದ್ದಂತೆ ಆ ಕೆಂಪು ಹರಡಿತು.

ಹೊರಗೆ ಬಂದು "ಉಳೀತ್ರಿ" ಎಂದೆ.

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಲೆ ಎತ್ತಿ ಕೇಳಿದರು:

"ಆ ಇಲಿಗೆ ಯಾಕ ಔಷಧ ಕೊಟ್ಟಾರ್ರಿ?"

"ಮುಂದ ಅವಕ್ಕ ಮರಿ ಆಗ್ಲಿ ಅಂತ್ರಿ."

"ಅಯ್ಯ, ನಮ್ಮ ಮನಿ ಇಲಿ ಯಾವ ಔಷಧಾನೂ ಇಲ್ದ ತಿಂಗಳಿಗೊಮ್ಮೆ ಹಡೀತಾವು! ಆ ಡಾಕ್ಟರ್ ಮಂದೀನ ಹಿಪ್ಪರಗಿಗೆ ಕಳಸ್ರಿ, ನೋಡಿ ಕಲೀಲಿ."