‘ಇಲ್ಲ’ ಬರುವ ತನಕ

ಆಳಂದದಲ್ಲಿ ತಹಶೀಲ್ದಾರ್ ಕಚೇರಿಯ ಎದುರಿಗೆ ನನ್ನದೊಂದು ಟೈಪಿಂಗ್ ಅಂಗಡಿ. ಖುಷಿಯಲ್ಲಿರುವವರು ಅರ್ಜಿ ಬರೆಸಲು ಬರುವುದಿಲ್ಲ. ಹಾಗಾಗಿ ಇಲ್ಲಿ ನಗು ಬರುವುದೆಲ್ಲ ನಗಬಾರದ ಹೊತ್ತಿನಲ್ಲೇ. ಈ ವರ್ಷ ಕಂಪ್ಯೂಟರೂ ಅದಕ್ಕೆ ಕೈಜೋಡಿಸಿತು. ಒತ್ತಿದ ಅಕ್ಷರ ಒಳಗೆ ಹೋಗುತ್ತದೆ. ಪರದೆಯ ಮೇಲೆ ಮೂಡುವುದು ಮಾತ್ರ ಅದಕ್ಕೆ ಮನಸ್ಸು ಬಂದಾಗ.

೧. ಉಡುಗೊರೆ

ಅಫಜಲಪುರ ಕಡೆಯವರೊಬ್ಬರು ತೀರಿಕೊಂಡ ತಂದೆಯ ದಿನಕಾರ್ಯದ ಆಮಂತ್ರಣ ಚೀಟಿ ಬರೆಸಲು ಬಂದರು. ಅದಕ್ಕೂ ಮೊದಲು ಒಂದು ಲಗ್ನಪತ್ರ ಮುಗಿಸಿದ್ದೆ. ಹೊಸ ಫೈಲು ತೆರೆದರೆ ಪರದೆಯ ಮೇಲರ್ಧ ಬದಲಾಯಿತು, ಕೆಳಗರ್ಧ ಮದುವೆಯಲ್ಲೇ ಉಳಿಯಿತು. ‘ನಮ್ಮ ತಂದೆಯವರು ದೈವಾಧೀನರಾಗಿದ್ದಾರೆ’ ಎಂಬುದರ ಕೆಳಗೆ ‘ದಯವಿಟ್ಟು ಉಡುಗೊರೆ ತರಬೇಡಿ.’

ನಾಚಿಕೆಯಿಂದ ನಾನು ಕುಗ್ಗಿಹೋದೆ. “ತಪ್ಪಾಯ್ತ್ರಿ, ಈಗ ತಗೀತೇನಿ” ಅಂದೆ.

ಅವರು ಕಣ್ಣೊರೆಸಿಕೊಂಡರು. “ಇರ್ಲಿ ಬಿಡ್ರಿ. ಅಪ್ಪ ಯಾರ ಕೈಯಾಗಿಂದೂ ಏನೂ ತಗೋತಿದ್ದಿಲ್ಲ.”

೨. ಒತ್ತು

ಜೇವರ್ಗಿಯ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಹೇಳಿದಂತೆ ವಿಂಡೋ ಸಣ್ಣದು ಮಾಡಿದೆ, ಡ್ರೈವರ್ ಹೊಸದು ಹಾಕಿದೆ, ಬಂದ್ ಮಾಡಿ ಚಾಲೂ ಮಾಡಿದೆ. ಜಪ್ಪಯ್ಯ ಅನ್ನಲಿಲ್ಲ.

“ಒತ್ತಕ್ಷರ ಮೂಡಸೂದು ಅದಕ್ಕ ಭಾಳ ತ್ರಾಸ ಆಗಾಕತ್ತದ್ರಿ. ಸೋಮವಾರ ಬಂದು ಫಾಂಟ್ ಬದಲಿ ಮಾಡ್ತೇನಿ. ಅಲ್ಲೀತನ ಒತ್ತು ಕಡಿಮಿ ಹಾಕ್ರಿ” ಎಂದ.

“ತಮ್ಮಾ, ಒತ್ತು ಹಾಕ್ಲಾರದ ಸರಕಾರಿ ಅರ್ಜಿ ಎಲ್ಲ್ಯಾರ ಮುಂದ ಸರೀತದೇನೋ?”

೩. ವಾರಸುದಾರ

ಆ ಸೋಮವಾರ ಬರುವ ಮೊದಲೇ, ಶುಕ್ರವಾರ ಮಾದನಹಿಪ್ಪರಗಾದ ಮುದುಕರೊಬ್ಬರು ಬಂದರು. ತೀರಿಕೊಂಡದ್ದು ಅವರ ಅಣ್ಣ, ದಾಖಲೆಯಲ್ಲಿ ಸತ್ತದ್ದು ಇವರು. ಪಡಿತರ ಚೀಟಿಯಿಂದ ಹೆಸರು ಹೋಗಿತ್ತು. ಅಂದು ಸಂಜೆ ಐದರೊಳಗೆ ತಕರಾರು ಅರ್ಜಿ ಕೊಡದಿದ್ದರೆ ಸಾವು ಖಾಯಂ. ಆಗಲೇ ನಾಲ್ಕೂವರೆ.

‘ನಾನು ಸತ್ತಿಲ್ಲ’ ಎಂದು ಒತ್ತಿದೆ. ಪರದೆ ‘ನಾನು ಸತ್ತ’ ತನಕ ಬಂದು ನಿಂತುಬಿಟ್ಟಿತು.

ಮುದುಕರು ಕನ್ನಡಕ ಏರಿಸಿ ಓದಿದರು. “ಇಲ್ಲೂ ಸತ್ತೆನೇನ್ರಿ?”

“ಹಂಗಲ್ಲ್ರಿ ಯಜಮಾನ್ರ, ‘ಇಲ್ಲ’ ಬರಾಕತ್ತದ. ದಾರ್ಯಾಗ ಅದ.”

“ನಮ್ಮೂರ ಬಸ್ಸಿನಂಗ ಮಾಡಬ್ಯಾಡ್ರಿ ಮತ್ತ.”

‘ಸತ್ತಿಲ್ಲ’ ಎಂದು ಮತ್ತೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ, ಪರದೆಯ ಗೊಡವೆ ಬಿಟ್ಟು ಪ್ರಿಂಟ್ ಕೊಟ್ಟೆ. ಕಾಗದದಲ್ಲಿ ‘ನಾನು ಸತ್ತಿಲ್ಲ ಸತ್ತಿಲ್ಲ ಸತ್ತಿಲ್ಲ’ ಎಂದಿತ್ತು. ತಿದ್ದಲು ಹೊತ್ತಿರಲಿಲ್ಲ. ಸಹಿ ಮಾಡಿಸಿ, ಅವರ ರಟ್ಟೆ ಹಿಡಿದು ರಸ್ತೆ ದಾಟಿಸಿದೆ.

ಕಚೇರಿಯ ಗುಮಾಸ್ತರು ಓದಿ ತಲೆ ಎತ್ತಿದರು. “ಇದೇನ್ರಿ, ಮೂರು ಸಲ?”

“ಒಂದ ಸಲ ಹೇಳಿದ್ರ ನೀವು ನಂಬೂದಿಲ್ಲಲ್ರಿ” ಎಂದರು ಮುದುಕರು.

“ಸಹಿ ಯಾರದು?”

“ನಂದಽರಿ.”

“ಸತ್ತವರ ಸಹಿ ನಡೆಯಂಗಿಲ್ಲ. ವಾರಸುದಾರರನ್ನ ಕರ್ಕೊಂಡ್ ಬರ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ಮುದುಕರು ಮಾತ್ರ ಗುಮಾಸ್ತರ ಪೆನ್ನನ್ನೇ ತೆಗೆದುಕೊಂಡು, ಮೊದಲ ಸಹಿಯ ಕೆಳಗೆ ಇನ್ನೊಂದು ಸಹಿ ಮಾಡಿದರು.

“ಹೆಂಡ್ತಿ ಮಕ್ಕಳು ಯಾರೂ ಉಳಿದಿಲ್ಲ್ರಿ. ಅಣ್ಣ ಇದ್ದ, ಅವನೂ ಹೋದ. ಈಗ ನನಗ ನಾನಽ ವಾರಸುದಾರ.”

ಗುಮಾಸ್ತರು ಗಡಿಯಾರ ನೋಡಿದರು. ಐದಕ್ಕೆ ಇನ್ನೂ ಐದು ನಿಮಿಷವಿತ್ತು. ವಹಿಯಲ್ಲಿ ‘ಮೃತರೊಂದಿಗೆ ಸಂಬಂಧ’ ಎಂಬ ಕಡೆ ‘ಖುದ್ದು ತಾನೇ’ ಎಂದು ಬರೆದು, ಅರ್ಜಿಗೆ ಠಸ್ಸೆ ಹೊಡೆದರು.