ತೋರಿಸಿದವರು ಯಾರು ಸ್ವಾಮಿ?

ನಮ್ಮ ಸೋದರಮಾವನ ಹತ್ತಿರ ದಯವಿಟ್ಟು ಯಾವ ಸಲಹೆಯನ್ನೂ ಕೇಳಬೇಡಿ. ಸಲಹೆ ಕೆಟ್ಟದ್ದಿರುತ್ತದೆ ಎಂದಲ್ಲ. ಕೊಟ್ಟ ಮೇಲೆ ಅವರು ನಿಮ್ಮನ್ನು ಬಿಡುವುದಿಲ್ಲ! ಬಾಣಾವರದಲ್ಲಿ ಅವರದು ತೆಂಗಿನ ತೋಟ. ಯಾರಿಗಾದರೂ "ಈ ಸಸಿ ನೆಡು" ಎಂದರೋ, ಅದು ಮರವಾಗಿ ಕಾಯಿ ಬಿಡುವವರೆಗೂ ವರ್ಷಾ ವರ್ಷ ಹೋಗಿ ಬುಡ ನೋಡಿ ಬರುತ್ತಾರೆ. ಒಣಗಿದ್ದರೆ ತಮ್ಮ ತೋಟದಿಂದ ಇನ್ನೊಂದನ್ನು ಹೊತ್ತೊಯ್ಯುತ್ತಾರೆ. "ಹೇಳ್ದೋನು ಹೊಣೆ ಕಣ್ಲಾ" ಎಂಬುದೇ ಅವರ ವೇದ.

ಒಮ್ಮೆ ಅರೇಹಳ್ಳಿಯ ಹುಡುಗನಿಗೆ ಹೆಣ್ಣು ಗೊತ್ತು ಮಾಡಿಸಿದರು. ಮದುವೆಯಾದ ಮೇಲೆ ಸಾರಿನ ಉಪ್ಪಿನ ವಿಷಯಕ್ಕೆ ಗಂಡ ಹೆಂಡಿರಿಗೆ ಜಗಳವಂತೆ. ಮಾವ ಬಸ್ಸು ಹತ್ತಿ ಹೋಗಿ, ಎಲೆ ಹಾಕಿಸಿಕೊಂಡು ಊಟ ಮಾಡಿ ತೀರ್ಪು ಕೊಟ್ಟರು: "ಉಪ್ಪು ಸರಿಯಾಗೈತೆ. ನಿನ್ ನಾಲಗೆ ಸರಿಯಿಲ್ಲ." ಅಂದಿನಿಂದ ಆ ಮನೆಯಲ್ಲಿ ಜಗಳವಿಲ್ಲ. ಪ್ರೀತಿಯಿಂದಲ್ಲ, ಈ ಮನುಷ್ಯ ಮತ್ತೆ ಬಂದಾನೆಂಬ ಭಯದಿಂದ!

ಇಂಥವರು ಅರಸೀಕೆರೆಯಲ್ಲಿ ನನ್ನ ಜೊತೆಗಿರುವ ನಮ್ಮಮ್ಮನಿಗೆ, ಅಂದರೆ ತಮ್ಮ ತಂಗಿಗೆ, "ಹೊತ್ತು ಹೋಗ್ತೈತೆ, ಒಂದು ಫೋನ್ ಇಟ್ಕೊ" ಎಂದರು. ಅಮ್ಮನಿಗೆ ಸಕ್ಕರೆ ಕಾಯಿಲೆ. ಒಂದು ದಿನ ಯಾವುದೋ ಕಷಾಯದ ವಿಡಿಯೊ ನೋಡಿದಳು. ಮರುದಿನ ಅಂಥದೇ ಇನ್ನೊಂದು ತಾನಾಗಿ ಬಂತು, ಅದರ ಬೆನ್ನಿಗೆ ಮತ್ತೊಂದು: "ಮಾತ್ರೆ ವಿಷ, ಬಿಸಾಕಿ!" ಅಮ್ಮ ಹುಡುಕಿದ್ದಲ್ಲ, ಅವೇ ಅವಳನ್ನು ಹುಡುಕಿಕೊಂಡು ಬಂದವು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು "ಇನ್ನು ಸ್ವಲ್ಪ ತಡವಾಗಿದ್ದರೆ..." ಎಂದು ಮಾತು ಅರ್ಧಕ್ಕೆ ನಿಲ್ಲಿಸಿದರು.

ಅಮ್ಮ ಮನೆಗೆ ಬಂದ ದಿನ ಮಾವ ಫೋನ್ ಹಿಡಿದು ಕೇಳಿದರು: "ಇದನ್ನ ಅವಳಿಗೆ ತೋರ್ಸಿದ್ಯಾರ್ಲಾ?"

"ಯಾರೂ ಇಲ್ಲ ಮಾವ. ವಿಡಿಯೊ ಮಾಡ್ದೋನು ಯಾರೋ. ಯಾರಿಗೆ ಏನು ತೋರಿಸ್ಬೇಕು ಅಂತ ಕಂಪನಿಯ ಯಂತ್ರ ಲೆಕ್ಕ ಹಾಕುತ್ತೆ."

"ಯಂತ್ರ ಇಟ್ಟೋನೊಬ್ಬ ಇರ್ಬೇಕಲ್ಲ? ಸಂತೇಲಿ ಯಾವನೋ ಕೂಗ್ತಾನೆ, ಕೂಗ್ಲಿ. ಅವನ ಕೈ ಹಿಡ್ದು ದಿನಾ ನನ್ ತಂಗಿ ಬಾಗ್ಲಿಗೆ ಕರ್ಕೊಂಡ್ ಬಂದೋನು ಹೊಣೆ ಅಲ್ವಾ?"

ಕಾನೂನು ಬಲ್ಲವರು ಇದಕ್ಕೆ ಏನೆನ್ನುತ್ತಾರೋ! ಕಂಪನಿಗೆ ಫೋನಿನಲ್ಲೇ ದೂರು ಕೊಡಬಹುದು ಎಂದೆ ನಾನು. ನನ್ನ ಕೈಯಲ್ಲೇ ಕೊಡಿಸಿದರು. ಮರುದಿನ ನೋಡಿದರೆ ಒಗೆದ ಪಂಚೆ ಉಟ್ಟು ನಮ್ಮ ಜಗಲಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ.

"ಇದ್ಯಾಕೆ ಮಾವ?"

"ದೂರು ಕೊಟ್ಟಿದೀವಲ್ಲ, ವಿಚಾರ್ಸೋಕೆ ಯಾರಾದ್ರೂ ಬತ್ತಾರೆ."

ಸಂಜೆಯವರೆಗೂ ಕಾದರು. ಯಾರು ಬರುತ್ತಾರೆ? ಅಮ್ಮನ ಫೋನ್ ತೆರೆದರೆ ಮತ್ತದೇ ಕಷಾಯ. "ಸತ್ತು ಬದುಕಿ ಬಂದೋಳ್ನ ಹೆಂಗಿದ್ದೀಯವ್ವ ಅಂತ ಕೇಳ್ಲಿಲ್ಲ, ಮತ್ತೆ ಅದನ್ನೇ ತಂದೈತಲ್ಲೋ!" ಎಂದರು. ಅವರ ಮಾತಿಗೆ ಸದಾ ನಗುವ ನಾನು ಅಂದು ನಗಲಿಲ್ಲ. ಕುರ್ಚಿಯನ್ನು ಅವರೇ ಒಳಗಿಟ್ಟರು. ಆಮೇಲೆ ಮೆಲ್ಲಗೆ, "ಫೋನ್ ಇಟ್ಕೊ ಅಂದೋನು ನಾನೇ ತಾನೆ?" ಎಂದರು.

ಅಮ್ಮನಿಗೆ ಮಾತ್ರೆ ಕಂಡರೆ ಇನ್ನೂ ಭಯ. ವಿಡಿಯೊದ ಮಾತು ತಲೆಯಿಂದ ಹೋಗಿಲ್ಲ. ಹಾಗಾಗಿ ಮಾವ ದಿನಾ ಬೆಳಗಿನ ರೈಲು ಹತ್ತಿ ಬರುತ್ತಾರೆ. ತಂಗಿ ಮಾತ್ರೆ ನುಂಗುವವರೆಗೂ ಎದುರಿಗೆ ಕೂತು, ಬಾಯಿ ತೆಗೆಸಿ ನೋಡಿಯೇ ಕಾಫಿ ಮುಟ್ಟುವುದು. "ನಾನೇನು ಮಗುವಾ?" ಎಂದು ಅಮ್ಮ ರೇಗುತ್ತಾಳೆ. ನಿನ್ನೆ ರೈಲು ತಡವಾಯಿತು. ಅಮ್ಮ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು ಜಗಲಿಯಲ್ಲಿ ಕೂತಿದ್ದಳು.

"ನುಂಗಬಾರ್ದೇನಮ್ಮಾ?"

"ಅಣ್ಣ ಬರ್ಲಿ ಕಣೋ. ಏನಾದ್ರೂ ಆದ್ರೆ ಕೇಳೋಕೆ ಒಬ್ರು ಎದುರಿಗಿರ್ಬೇಕು."

ಗೇಟಿನ ಸದ್ದಾಯಿತು, ಮಾವ ಒಳಗೆ ಬಂದರು. ಅಮ್ಮ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ, ಮಾವ ಕೇಳುವ ಮೊದಲೇ ಬಾಯಿ ತೆರೆದು ತೋರಿಸಿದಳು.