ಟಾಕಿ ಇಲ್ಲದ ಮನೆ

ಶಶಿಕಾಂತ ಮಾಸ್ತರರ ಫಜೀತಿಗೆ ಕಾರಣ ಒಂದು ಪುಸ್ತಕದ ಒಂದೇ ಒಂದು ಸಾಲು: ‘ಒಂದು ಬೀದಿಯ ನಳಗಳನ್ನೆಲ್ಲ ಯಾರೂ ಒಂದೇ ಹೊತ್ತಿಗೆ ತೆರೆಯುವುದಿಲ್ಲ.’ ಬರೆದವರು ರೋಣಕ್ಕೆ ಬಂದವರಲ್ಲ.

ರೋಣದ ಆ ಓಣಿಯಲ್ಲಿ ಹದಿನಾರು ಮನೆ. ನಳಕ್ಕೆ ನೀರು ಎಂಟು ದಿನಕ್ಕೊಮ್ಮೆ. ಹೀಗಾಗಿ ಯಾರ ಮನೆಗೆ ಹೋದರೂ ಟಾಕಿ, ಡ್ರಮ್ಮು, ಹಂಡೆಗಳನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಈಗ ಹೊಸ ಪೈಪು ಬಂದಿತ್ತು. ಭಾನುವಾರದಿಂದ ಇಪ್ಪತ್ತನಾಲ್ಕು ತಾಸೂ ನೀರು, ಅದೂ ಜೋರಾಗಿ, ಎಂದು ಆಟೋಕ್ಕೆ ಮೈಕು ಕಟ್ಟಿ ಸಾರಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರರು ಗ್ರಾಫ್ ಹಾಳೆಯ ಮೇಲೆ ಮನೆಯ ನಕ್ಷೆ ಬರೆದರು. ತಣ್ಣೀರಿಗೆ ನೀಲಿ ಗೆರೆ, ಬಿಸಿನೀರಿಗೆ ಕೆಂಪು ಗೆರೆ. ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ಬಿಟ್ಟು, ರಸ್ತೆಯ ಪೈಪಿನಿಂದ ನೇರ ಮನೆಗೆ. ಅಲ್ಲಿಂದ ಒಂದು ಕವಲು ಗೀಸರಿಗೆ, ಇನ್ನೊಂದು ಬಚ್ಚಲಿಗೆ. ಎರಡೂ ಶವರಿನ ಬುಡದಲ್ಲಿ ಕೂಡಿ ಉಗುರುಬೆಚ್ಚಗೆ ಇಳಿಯಬೇಕು. ಜೋರಿಗೆ ಗೀಸರು ಒಡೆಯದಂತೆ ಅದರ ಮುಂದೊಂದು ವಾಲ್ವು. ಜೋರು ಹೆಚ್ಚಾದರೆ ಏನು ಎಂಬುದಕ್ಕೆ ಹಾಳೆಯಲ್ಲಿ ಉತ್ತರವಿತ್ತು. ಕಡಿಮೆಯಾದರೆ ಏನು ಎಂದು ಕೇಳಿದವನು ಪೈಪು ಕೂಡಿಸಲು ಬಂದ ಇಮಾಮಸಾಬ ಒಬ್ಬನೇ.

“ಟಾಕಿ ಇರಲ್ರಿ ಸರ. ಮ್ಯಾಲ ಕುಂತೈತಿ, ಏನ್ ರೊಟ್ಟಿ ಕೇಳತೈತ್ರಿ?”

“ಪುಸ್ತಕದಾಗ ಬ್ಯಾಡ ಅಂದಾರೋ.”

“ಪುಸ್ತಕ ನನಗ ತಿಳಿಯಂಗಿಲ್ರಿ. ನಮ್ಮ ಮಂದಿ ತಿಳೀತಾರ.”

ಟಾಕಿ ಇಳಿಯಿತು. ಪಕ್ಕದ ಮನೆಯ ಮರಿಯವ್ವ, ಯಾರ ಮನೆಯ ಸಾರಿಗೆ ಎಷ್ಟು ಉಪ್ಪು ಎಂದು ಇಡೀ ಓಣಿಗೆ ಹೇಳುವ ಹೆಂಗಸು, “ನನಗ್ಯಾಕ್ರಿ ಸರ, ಬ್ಯಾಡ್ರಿ” ಎನ್ನುತ್ತಲೇ ಅದನ್ನು ತನ್ನ ಮಾಳಿಗೆಗೆ ಏರಿಸಿಕೊಂಡಳು.

ಇಷ್ಟೆಲ್ಲ ಅವಸರಕ್ಕೆ ಮೂಲ ಅಬ್ಬಿಗೇರಿಯ ಅತ್ತೆ ಹೊನ್ನವ್ವ. ಮಗಳು ಸುವರ್ಣಾ ಹದಿನೆಂಟು ವರ್ಷದಿಂದ ಒಲೆಯ ಮೇಲಿನ ನೀರನ್ನು ಬಚ್ಚಲಿಗೆ ಹೊರುವುದನ್ನು ನೋಡಿ ಆಕೆಗೆ ಸಾಕಾಗಿತ್ತು. ಅಳಿಯನೊಡನೆ ನೇರ ಮಾತಾಡುವ ರೂಢಿ ಇಲ್ಲವಾದ್ದರಿಂದ, ಅಳಿಯ ಎದುರಿಗಿರುವಾಗಲೇ ಮಗಳಿಗೆ ಹೇಳಿ ಹೋಗಿದ್ದಳು: “ನಿನ್ನ ಗಂಡಗ ಹೇಳು. ಮುಂದಿನ ಸಲ ನಾ ಬಂದಾಗ ನಳದಾಗ ಬಿಸಿನೀರು ಬರಲಿಲ್ಲಂದ್ರ, ನಿನ್ನ ಕರಕೊಂಡು ಹೋಗಾಕಿ ನಾ.”

ಮಾಸ್ತರರಿಗೆ ಚಹಾ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ಕುಡಿದವರನ್ನು ಕೇಳಿದರೆ ಚಹಾವೂ ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೊನ್ನವ್ವ ಬಸ್ಸಿಳಿದು ಬಂದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಳು. ಶವರು ಸುರಿಯಿತು.

“ಸುವರ್ಣಾ, ಖರೇನ ಮಳಿ ಹೊಡದಂಗ ಐತವ್ವಾ!”

ಮಾಸ್ತರರು ಮೀಸೆಗೆ ಕೈಯೊಯ್ದರು. ಕೈ ಇನ್ನೂ ಮೀಸೆಯನ್ನು ಮುಟ್ಟಿರಲಿಲ್ಲ, ಬಚ್ಚಲಿನ ಸದ್ದು ಕೇಳಿದ ಮರಿಯವ್ವ ಬೀದಿಗೆ ನಿಂತು ಕೂಗಿದಳು: “ಮಾಸ್ತರ ಮನಿಗೆ ನೀರು ಬಂದಾವ! ಲಗೂ ಹಿಡಕೋರಿ!”

ಉಳಿದ ಹದಿನೈದು ಮನೆಯ ನಳಗಳು ಒಂದೇ ಉಸಿರಿಗೆ ತೆರೆದವು. ಹೊಸ ನೀರು ಬಂದರೆ ಹಳೆಯದನ್ನು ಚೆಲ್ಲಿ ತುಂಬುವುದು ಓಣಿಯ ಪದ್ಧತಿ. ಗಟಾರು ಮಲಪ್ರಭೆಯ ತಂಗಿಯಂತೆ ಹರಿಯಿತು. ಮಾಸ್ತರರ ಶವರು ದಾರವಾಗಿ, ಹನಿಯಾಗಿ, ಕೊನೆಗೆ ಮುಪ್ಪಿನ ಬೆಕ್ಕಿನಂತೆ ಒಮ್ಮೆ ಸೀನಿ ಸುಮ್ಮನಾಯಿತು.

“ಸುವರ್ಣಾ! ತಲ್ಯಾಗ ಸೀಗೀಕಾಯಿ ಐತಿ, ಕಣ್ಣು ತಗ್ಯಾಕ ಬರವಲ್ದು. ಇದರ ಲೆಕ್ಕ ಯಾವ ಹಾಳ್ಯಾಗ ಐತಿ ಅಂತ ನಿನ್ನ ಗಂಡಗ ಕೇಳು!”

ಮಾಸ್ತರರು ಹಾಳೆ ಹಿಡಿದುಕೊಂಡೇ ಬೀದಿಗೆ ಓಡಿದರು. ಎದುರು ಮನೆಯ ಸೈರಾಬಾನು ಕೊಡ ಮುಗಿಸಿ, ಲೋಟ ಮುಗಿಸಿ, ತಾಟುಗಳಿಗೆ ನೀರು ಹಿಡಿಯುತ್ತಿದ್ದಳು.

“ನಳ ಬಂದ್ ಮಾಡವಾ. ನೀರು ಎಲ್ಲೂ ಹೋಗಂಗಿಲ್ಲ, ಇಪ್ಪತ್ನಾಕ ತಾಸೂ ಇರತಾವ.”

“ಯಾರ ಬರಕೊಟ್ಟಾರ್ರಿ ಸರ? ನಾಳೆ ಬರಲಿಲ್ಲಂದ್ರ ನಿಮ್ಮ ಹಾಳಿ ಹಿಂಡಿ ಚಾ ಮಾಡ್ಲೇನ್ರಿ?”

ಮಾಸ್ತರರು ಕಟ್ಟೆಯ ಮೇಲೆ ಹಾಳೆ ಹಾಸಿ, ನೆರೆದವರಿಗೆಲ್ಲ ಒತ್ತಡದ ಪಾಠ ಹೇಳಿದರು. ಎಲ್ಲರೂ ಒಮ್ಮೆಲೇ ತೆರೆದರೆ ಯಾರಿಗೂ ಜೋರಿಲ್ಲ. ಎರಡೇ ಮನೆ ತೆರೆದರೆ ಇಬ್ಬರಿಗೂ ಭರಪೂರ.

ಮರಿಯವ್ವ ಸೊಂಟದ ಮೇಲೆ ಕೈಯಿಟ್ಟಳು. “ಅಂದ್ರ ಪಾಳಿ ಹಚ್ಚಬೇಕು ಅನ್ರಿ! ಅಷ್ಟು ಹೇಳಾಕ ಕೆಂಪು ಗೆರಿ, ನೀಲಿ ಗೆರಿ ಯಾಕ್ರಿ?”

ಪಾಳಿ ಎಂದ ಕೂಡಲೇ ಓಣಿಗೆ ವಿಜ್ಞಾನ ತಿಳಿಯಿತು. ನಳಗಳು ಬಂದಾದವು. ಗ್ರಾಫ್ ಹಾಳೆಯ ಬೆನ್ನಿಗೇ ಹೆಸರುಗಳನ್ನು ಬರೆಸಿದರು: ದಿನಕ್ಕೆ ಎರಡು ಮನೆ. ಪಾತ್ರೆಗಳು ತುಂಬಿದ್ದವು; ಮತ್ತೆ ನೀರಿಗೆ ಒಂದು ವಾರ ಕಾಯುವುದು ಯಾರಿಗೂ ಹೊಸದಲ್ಲ.

“ಊಟಕ್ಕ ಕರದವರು ಕಡೀ ಪಂಕ್ತ್ಯಾಗ ಕುಂದರತಾರಲ್ರಿ ಸರ,” ಎಂದಳು ಮರಿಯವ್ವ, “ಹಂಗ ನಿಮ್ಮ ಹೆಸರು ಕಡೀಕ.”

ಎಲ್ಲರೂ ಹೌದೌದು ಎಂದರು. ಗೌರವದ ಮಾತು, ಇಲ್ಲವೆನ್ನಲು ಬರಲಿಲ್ಲ. ಹದಿನಾರನ್ನು ಎರಡರಿಂದ ಭಾಗಿಸಿದರೆ ಎಷ್ಟು ಎಂಬುದು ಮಾಸ್ತರರಿಗೆ ಹೊಳೆದದ್ದು ಮನೆಯ ಹೊಸ್ತಿಲಲ್ಲಿ.

ಬಚ್ಚಲು ಖಾಲಿಯಿತ್ತು. ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಹೋಗಿ ಮಿಂದು ಬಂದ ಹೊನ್ನವ್ವ ತಲೆಗೆ ಟವೆಲು ಸುತ್ತಿಕೊಂಡು ನಡುಮನೆಯಲ್ಲಿ ಕುಳಿತಿದ್ದಳು.

“ಸುವರ್ಣಾ, ಮರಿಯವ್ವನ ಮನೀ ನೋಡಿ ಕಲೀಲಿ ಅಂತ ನಿನ್ನ ಗಂಡಗ ಹೇಳು. ಮಾಳಿಗಿ ಮ್ಯಾಲ ಕರೀ ಟಾಕಿ, ಕೆಳಗ ಹಂಡೇದಾಗ ಬಿಸಿನೀರು. ಬಗ್ಗಿಸಿಕೊಂಡಷ್ಟೂ ಐತಿ. ಆ ಟಾಕಿ ತಂದವರು ಯಾರೋ, ಭಾಳ ಶಾಣ್ಯಾರು.”

ತಂದವರು ಯಾರೆಂದು ಸುವರ್ಣಾಗೆ ಗೊತ್ತಿತ್ತು. ಆಕೆ ಸೀರೆಗಳನ್ನು ಮಡಿಚಿ ಚೀಲಕ್ಕೆ ತುಂಬುತ್ತ ಒಂದೇ ಮಾತು ಕೇಳಿದಳು.

“ನಮ್ಮ ಪಾಳಿ ಯಾವತ್ತೈತ್ರಿ?”

“ಎಂಟನೇ ದಿನ.”

“ಹಂಗಾರ ಅವತ್ತ ಬರತೀನ್ರಿ.”

ಸಂಜೆ ಅಬ್ಬಿಗೇರಿಯ ಬಸ್ಸು ಹೊರಟ ಮೇಲೆ ಮಾಸ್ತರರು ಕೊಡ ಹಿಡಿದು ಮರಿಯವ್ವನ ಬಾಗಿಲಿಗೆ ಹೋದರು. ಅವರ ಟಾಕಿಯ ನೀರು ಅವರ ಕೊಡಕ್ಕೆ ಬಿತ್ತು. ಅರ್ಧ ತುಂಬುತ್ತಲೇ ಮರಿಯವ್ವ ನಳ ತಿರುವಿದಳು.

“ಒಬ್ಬರಿಗೆ ಇಷ್ಟು ಸಾಕ್ರಿ ಸರ. ಟಾಕಿ ನೀರು ಎಂಟು ದಿನ ಬರಬೇಕು.”